ಕಾಮಾಲೆ ಇಳಿಸಿದವರು ಯಾರು?

ಹೋದ ತಿಂಗಳು ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ರಕ್ತದೊತ್ತಡ ತೋರಿಸಿಕೊಳ್ಳಲು ಬಂದಿದ್ದರು. ತೋಳಿನ ಪಟ್ಟಿ ಬಿಚ್ಚುತ್ತಿರುವಾಗಲೇ ಒಂದು ಪ್ರಶ್ನೆ ಹಾಕಿದರು. ‘ಡಾಕ್ಟ್ರೇ, ಕಾಮಾಲೆಗೆ ನಿಮ್ಮ ಇಂಗ್ಲಿಷ್ ಪದ್ಧತಿಯಲ್ಲಿ ಔಷಧವಿಲ್ಲ ಎಂದು ನೀವೇ ಹೇಳುತ್ತೀರಿ. ನಮ್ಮ ಹಳ್ಳಿಯಲ್ಲಿ ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುತ್ತಾರೆ. ತೆಗೆದುಕೊಂಡವರೆಲ್ಲ ಎದ್ದು ಓಡಾಡುತ್ತಿದ್ದಾರೆ. ಅದನ್ನೇ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟರೆ ಬಡವರಿಗೆ ಉಪಕಾರವಾಗುವುದಿಲ್ಲವೆ? ಅದಕ್ಕೆ ನಿಮ್ಮಂಥವರು ಯಾಕೆ ಅಡ್ಡ ಬರುತ್ತೀರಿ?’

ಹೊರಗೆ ರೋಗಿಗಳು ಕಾಯುತ್ತಿದ್ದರು. ಸಮಾಧಾನವಾಗಿ ಉತ್ತರ ಹೇಳಲು ಆಗಲಿಲ್ಲ. ಆದರೆ ಇದು ಮೇಷ್ಟ್ರೊಬ್ಬರ ಪ್ರಶ್ನೆಯಲ್ಲ. ಈ ಅಂಕಣ ಓದುವ ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿಯೂ ಇದೇ ಪ್ರಶ್ನೆ ಇರಬಹುದು. ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪಥಿ ಮೊದಲಾದ ಪದ್ಧತಿಗಳಿಗೆಂದೇ ಕೇಂದ್ರದಲ್ಲಿ 2014ರಿಂದ ಪ್ರತ್ಯೇಕ ಆಯುಷ್ ಸಚಿವಾಲಯವಿದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಆಯುಷ್ ವೈದ್ಯರನ್ನು ನೇಮಿಸುವ ಏರ್ಪಾಡು ಬಂತು. ಹೀಗಿರುವಾಗ ಸರ್ಕಾರಿ ಆಸ್ಪತ್ರೆಯ ಔಷಧ ಕಪಾಟಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಯಾವ ಆಧಾರದ ಮೇಲೆ ನಿರ್ಧರಿಸಬೇಕು? ಎಲ್ಲ ಮನೆಗಳಿಗೂ ಪರಿಚಿತವಾದ ಕಾಮಾಲೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಯೋಚಿಸೋಣ.

ತಾನಾಗಿ ಇಳಿಯುವ ಕಾಯಿಲೆ

ಕಾಮಾಲೆ ಎಂಬುದು ಒಂದು ರೋಗವಲ್ಲ, ಒಂದು ಲಕ್ಷಣ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಹೆಚ್ಚಾದಾಗ ಕಣ್ಣು, ಚರ್ಮ ಹಳದಿಯಾಗುತ್ತವೆ. ಇದಕ್ಕೆ ಕಾರಣಗಳು ಹಲವು. ಹೆಪಟೈಟಿಸ್ ವೈರಾಣುಗಳು, ಮದ್ಯಪಾನ, ಇಲಿಜ್ವರ, ಪಿತ್ತಕೋಶದಿಂದ ಜಾರಿ ನಾಳದಲ್ಲಿ ಸಿಕ್ಕಿಕೊಂಡ ಕಲ್ಲು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಕೆಲವು ಮಾತ್ರೆಗಳ ದುಷ್ಪರಿಣಾಮ ಇವೆಲ್ಲವೂ ಕಣ್ಣನ್ನು ಹಳದಿ ಮಾಡಬಲ್ಲವು.

ನಮ್ಮ ಊರುಗಳಲ್ಲಿ ಮಕ್ಕಳು ಮತ್ತು ತರುಣರಲ್ಲಿ ಸಾಮಾನ್ಯವಾಗಿ ಕಾಣುವುದು ಹೆಪಟೈಟಿಸ್ ಎ ಮತ್ತು ಇ. ಇವೆರಡೂ ಕೊಳಕು ನೀರು, ಆಹಾರದಿಂದ ಬರುತ್ತವೆ. ಇವುಗಳ ಸ್ವಭಾವವೆಂದರೆ, ಮೊದಲು ಜ್ವರ, ವಾಕರಿಕೆ, ಊಟ ಸೇರದಿರುವುದು, ಆಮೇಲೆ ಹಳದಿ, ಮುಂದೆ ಕೆಲವು ವಾರಗಳಲ್ಲಿ ಬಹುತೇಕ ಮಂದಿಗೆ ತಾನಾಗಿಯೇ ಗುಣ. ದೇಹದ ರೋಗನಿರೋಧಕ ಶಕ್ತಿಯೇ ವೈರಾಣುವನ್ನು ಹೊರಹಾಕುತ್ತದೆ. ಲಿವರ್ ತನ್ನ ಗಾಯವನ್ನು ತಾನೇ ತುಂಬಿಕೊಳ್ಳುತ್ತದೆ.

ಹಳದಿ ಏರಿದಾಗ ಮನೆಯವರು ಗಾಬರಿಯಾಗಿ ಮದ್ದು ಹುಡುಕುತ್ತಾರೆ. ಏರಿದ ಹಳದಿ ಇಳಿಯಬೇಕಾದ ಕಾಲವೂ ಅದೇ ಆಗಿರುತ್ತದೆ. ಆಗ ನೆಲನೆಲ್ಲಿ ಕೊಟ್ಟರೂ ಇಳಿಯುತ್ತದೆ, ಕೈಗೆ ಬರೆ ಹಾಕಿಸಿದರೂ ಇಳಿಯುತ್ತದೆ, ಮಂತ್ರಿಸಿದ ದಾರ ಕಟ್ಟಿದರೂ ಇಳಿಯುತ್ತದೆ. ಕೀರ್ತಿ ಮಾತ್ರ ಆ ಹೊತ್ತಿಗೆ ಹತ್ತಿರವಿದ್ದವರಿಗೆ ಸಲ್ಲುತ್ತದೆ.

ಇದರಲ್ಲಿ ನಾವು ಎಂಬಿಬಿಎಸ್ ಡಾಕ್ಟರುಗಳು ಹಿಂದೆ ಬಿದ್ದಿಲ್ಲ. ವೃತ್ತಿಯ ಆರಂಭದ ವರ್ಷಗಳಲ್ಲಿ ನಾನೂ ಕಾಮಾಲೆ ಬಂದವರಿಗೆಲ್ಲ ಲಿವರ್ ಟಾನಿಕ್, ವಿಟಮಿನ್ ಮಾತ್ರೆ, ಒಮ್ಮೊಮ್ಮೆ ಒಂದು ಬಾಟಲಿ ಗ್ಲೂಕೋಸ್ ಕೊಡುತ್ತಿದ್ದೆ. ರೋಗಿಗಳು ಗುಣವಾದರು, ನನಗೂ ‘ಕೈಗುಣ ಚೆನ್ನಾಗಿದೆ’ ಎಂಬ ಹೆಸರು ಬಂತು. ಆ ಹೆಸರಿಗೂ ನನ್ನ ಟಾನಿಕ್ಕಿಗೂ ಯಾವ ಸಂಬಂಧವೂ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಕೆಲವು ವರ್ಷ ಬೇಕಾಯಿತು.

ನಾನು ಸೋತ ಒಂದು ಮನೆ

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದರು. ಕಣ್ಣು ಅರಿಶಿನದಂತಿತ್ತು. ರಕ್ತ ಪರೀಕ್ಷೆ ಮಾಡಿಸಿದೆ. ಆತಂಕಪಡುವಂಥದ್ದು ಏನೂ ಇರಲಿಲ್ಲ. ‘ಇದಕ್ಕೆ ಔಷಧ ಬೇಕಿಲ್ಲ. ವಿಶ್ರಾಂತಿ ತೆಗೆದುಕೊಳ್ಳಲಿ, ಊಟ ಮಾಡಲಿ, ಎಲ್ಲರೂ ನೀರು ಕುದಿಸಿ ಕುಡಿಯಿರಿ’ ಎಂದು ಎರಡು ನಿಮಿಷದಲ್ಲಿ ಹೇಳಿ ಕಳಿಸಿದೆ. ಔಷಧ ಬರೆಯದ ಡಾಕ್ಟರು ಏನೂ ಮಾಡಲಿಲ್ಲ ಎಂದೇ ಆ ತಾಯಿಗೆ ಅನ್ನಿಸಿತು. ಅವರು ಪಕ್ಕದ ಹಳ್ಳಿಯ ನಾಟಿ ವೈದ್ಯರ ಬಳಿಗೆ ಹೋದರು. ಮೂರು ವಾರದ ನಂತರ ಸಂತೆಯ ದಿನ ನನ್ನಲ್ಲಿಗೆ ಬಂದು, ‘ನೀವು ಮದ್ದೇ ಇಲ್ಲ ಅಂದ್ರಲ್ಲ ಡಾಕ್ಟ್ರೇ, ಅವರು ಸೊಪ್ಪು ಅರೆದು ಕೊಟ್ರು. ನೋಡಿ, ಹುಡುಗ ಎದ್ದು ಓಡಾಡ್ತಾವ್ನೆ’ ಎಂದು ಸಂತೋಷದಿಂದಲೇ ಹೇಳಿ ಹೋದರು. ನಾನು ನಕ್ಕು ಸುಮ್ಮನಾದೆ.

ಮುಂದಿನ ತಿಂಗಳು ಆ ಮನೆಯ ಹಿರಿಯ ಸೊಸೆಗೆ ಕಣ್ಣು ಹಳದಿಯಾಯಿತು. ಆಕೆ ಎಂಟು ತಿಂಗಳ ಗರ್ಭಿಣಿ. ಈ ಸಲ ನನ್ನ ಬಳಿಗೆ ಬರುವ ಪ್ರಶ್ನೆಯೇ ಇರಲಿಲ್ಲ. ಮೈದುನನಿಗೆ ಗುಣವಾದ ಮದ್ದು ಊರಿನಲ್ಲೇ ಇತ್ತು. ಒಂಬತ್ತು ದಿನ ಉಪ್ಪು, ಎಣ್ಣೆ ಬಿಟ್ಟು ಪಥ್ಯ ಮಾಡಿದರು. ಹತ್ತನೆಯ ದಿನ ಆಕೆ ಅಸಂಬದ್ಧವಾಗಿ ಮಾತನಾಡತೊಡಗಿದಳು. ರಾತ್ರಿ ಹತ್ತು ಗಂಟೆಗೆ ನನ್ನ ಬಳಿಗೆ ಕರೆತಂದಾಗ ಅರೆಪ್ರಜ್ಞೆಯಲ್ಲಿದ್ದಳು. ಕೂಡಲೇ ಕಾರಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಆಕೆಯನ್ನು ಕೊಂದದ್ದು ಆ ಸೊಪ್ಪಲ್ಲ. ನಾಟಿ ವೈದ್ಯರು ಕೆಟ್ಟವರೂ ಅಲ್ಲ, ಅವರು ಒಂದು ಪೈಸೆಯನ್ನೂ ಮುಟ್ಟಿರಲಿಲ್ಲ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ನೂರಕ್ಕೆ 20ರಿಂದ 25 ಮಂದಿ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೊದಲ ದಿನವೇ ಆಸ್ಪತ್ರೆ ಸೇರಿದ್ದರೂ ಬದುಕುತ್ತಿದ್ದಳು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಅವಳಿಗೆ ಆ ಅವಕಾಶ ಸಿಗಬೇಕಿತ್ತು. ‘ಹುಡುಗನಿಗೆ ಗುಣವಾದದ್ದು ಅವನ ದೇಹದಿಂದ, ಮನೆಯಲ್ಲಿ ಬಸುರಿ ಇದ್ದರೆ ಎಚ್ಚರ’ ಎಂದು ನಾನು ಇನ್ನೂ ಹತ್ತು ನಿಮಿಷ ಕೂರಿಸಿಕೊಂಡು ಹೇಳಿದ್ದರೆ ಎಂಬ ಕೊರಗು ಇಂದಿಗೂ ಇದೆ. ಒಂದು ಸುಳ್ಳು ಕೀರ್ತಿಯ ಬೆಲೆಯನ್ನು ಕೆಲವೊಮ್ಮೆ ಮುಂದಿನ ರೋಗಿ ತೆರಬೇಕಾಗುತ್ತದೆ.

ನೆಲನೆಲ್ಲಿಯ ಕಥೆ

ಹಾಗಾದರೆ ನೆಲನೆಲ್ಲಿಯಲ್ಲಿ ಏನೂ ಇಲ್ಲವೆ? ಇದನ್ನು ತಿಳಿಯಲು ಒಂದು ನೇರವಾದ ಉಪಾಯವಿದೆ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುವುದು. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ, ಆದರೆ ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ರೋಗಿಗೂ ಗೊತ್ತಿರಬಾರದು, ನೋಡುವ ವೈದ್ಯನಿಗೂ ಗೊತ್ತಿರಬಾರದು. ಕೊನೆಯಲ್ಲಿ ಗುಟ್ಟು ಒಡೆದು ಎಣಿಸುವುದು. ತಾನಾಗಿ ಗುಣವಾಗುವವರು ಎರಡೂ ಗುಂಪಿನಲ್ಲಿ ಸಮನಾಗಿರುತ್ತಾರೆ. ಮದ್ದಿನ ಗುಂಪಿನಲ್ಲಿ ಅದಕ್ಕಿಂತ ಹೆಚ್ಚಾಗಿ ಗುಣವಾದವರಿದ್ದರೆ ಅದು ಮದ್ದಿನ ಗುಣ.

ನೆಲನೆಲ್ಲಿಗೆ ಇಂಥ ಪರೀಕ್ಷೆ ಮದರಾಸಿನಲ್ಲಿ ನಡೆಯಿತು. ಅದನ್ನು ನಡೆಸಿದವರು ಸಾಮಾನ್ಯರಲ್ಲ. ಹೆಪಟೈಟಿಸ್ ಬಿ ವೈರಾಣುವನ್ನು ಗುರುತಿಸಿ 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೂ ತ್ಯಾಗರಾಜನ್ ಮತ್ತು ಸಂಗಡಿಗರ ಆ ತಂಡದಲ್ಲಿದ್ದರು. ಹೆಪಟೈಟಿಸ್ ಬಿ ದೇಹದಲ್ಲಿ ಬಹುಕಾಲ ಉಳಿದುಬಿಟ್ಟವರಿಗೆ 30 ದಿನ ನೆಲನೆಲ್ಲಿ ಕೊಟ್ಟರು. 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಮದ್ದು ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಕಾಣಲಿಲ್ಲ. ಹುಸಿ ಮಾತ್ರೆ ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು.

ಕಥೆ ಅಲ್ಲಿಗೇ ನಿಂತಿದ್ದರೆ ಇಂದು ಮೇಷ್ಟ್ರು ಹೇಳಿದಂತೆ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ನೆಲನೆಲ್ಲಿ ಇರುತ್ತಿತ್ತು. ಆದರೆ ಒಂದು ಊರಿನಲ್ಲಿ ನಿಜವಾದದ್ದು ಇನ್ನೊಂದು ಊರಿನಲ್ಲೂ ನಿಜವಾಗಬೇಕು. 1990ರಲ್ಲಿ ಥಾಯ್ಲೆಂಡಿನ ವೈದ್ಯರು, 1994ರಲ್ಲಿ ನ್ಯೂಜಿಲೆಂಡಿನ ವೈದ್ಯರು ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಅಲ್ಲಿ ಆ ಫಲ ಸಿಗಲಿಲ್ಲ. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2011ರಲ್ಲಿ, ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಿಗೆ ಹುಸಿ ಮಾತ್ರೆಗಿಂತ ಈ ಗಿಡದಿಂದ ಹೆಚ್ಚು ಪ್ರಯೋಜನವಿದೆ ಎಂದು ನಂಬಲು ಸಾಕಷ್ಟು ಆಧಾರವಿಲ್ಲ ಎಂದು ತೀರ್ಮಾನಿಸಿತು.

ಇದರಲ್ಲಿ ನಮ್ಮ ಗಿಡಕ್ಕೆ ಅವಮಾನವೇನೂ ಆಗಿಲ್ಲ. ಅದಕ್ಕೆ ಗೌರವ ಕೊಟ್ಟದ್ದರಿಂದಲೇ ಪರೀಕ್ಷೆ ನಡೆಯಿತು.

ಗೆದ್ದವೂ ಇವೆ

ಪರೀಕ್ಷೆಯೆಂದರೆ ಹಳೆಯದನ್ನೆಲ್ಲ ತಳ್ಳಿಹಾಕುವ ಸಂಚು ಎಂದು ಭಾವಿಸಬೇಡಿ. ಭಗಂದರ, ಅಂದರೆ ಗುದದ್ವಾರದ ಪಕ್ಕದಲ್ಲಿ ಕೀವು ಸೋರುವ ಫಿಸ್ಟುಲಾ, ನಮ್ಮ ಶಸ್ತ್ರವೈದ್ಯರಿಗೆ ತಲೆನೋವು. ಆಪರೇಷನ್ ಮಾಡಿದರೂ ಮತ್ತೆ ಬರುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಲೇಪಿಸಿದ ದಾರವನ್ನು ಕಟ್ಟುವ ಕ್ಷಾರಸೂತ್ರ ವಿಧಾನವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹಲವು ಆಸ್ಪತ್ರೆಗಳಲ್ಲಿ ಈ ಎರಡನ್ನೂ ಹೋಲಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಕ್ಷಾರಸೂತ್ರದಿಂದ ಗಾಯ ಮಾಯಲು ಎಂಟು ವಾರ, ಆಪರೇಷನ್ನಿನಿಂದ ನಾಲ್ಕು ವಾರ ಹಿಡಿಯಿತು. ಆದರೆ ರೋಗ ಮರುಕಳಿಸಿದ್ದು ಕ್ಷಾರಸೂತ್ರದಲ್ಲಿ ನೂರಕ್ಕೆ 4, ಆಪರೇಷನ್ನಿನಲ್ಲಿ ನೂರಕ್ಕೆ 11. ಹಾಗಾಗಿ ಫಿಸ್ಟುಲಾ ರೋಗಿಗಳಿಗೆ ಈ ಆಯ್ಕೆಯೂ ಇದೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಚೀನಾದ ಟು ಯುಯು ಹಳೆಯ ವೈದ್ಯಗ್ರಂಥವೊಂದರ ಸುಳಿವು ಹಿಡಿದು ಒಂದು ಗಿಡದಿಂದ ಮಲೇರಿಯಾ ಔಷಧ ತೆಗೆದರು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಆ ಆರ್ಟಿಮಿಸಿನಿನ್ ಆಧಾರಿತ ಮಾತ್ರೆಗಳನ್ನೇ ಫಾಲ್ಸಿಪಾರಂ ಮಲೇರಿಯಾಕ್ಕೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಪರೀಕ್ಷೆ ಗೆದ್ದ ಗಿಡಮೂಲಿಕೆ ಸರ್ಕಾರಿ ಕಪಾಟು ಸೇರಿದ ಉದಾಹರಣೆ ಇದು.

ಕೆಲವೊಮ್ಮೆ ಉತ್ತರ ಅರ್ಧಂಬರ್ಧ ಬರುತ್ತದೆ. ಹೃದಯಾಘಾತವಾದ 3,959 ರೋಗಿಗಳ ಮೇಲೆ ದೇಶದ 24 ಕೇಂದ್ರಗಳಲ್ಲಿ ನಡೆದ ಯೋಗ ಪ್ರಯೋಗದ ವರದಿ 2020ರಲ್ಲಿ ಬಂತು. ಯೋಗ ಮಾಡಿದವರು ತಮ್ಮ ಆರೋಗ್ಯ ಉತ್ತಮಗೊಂಡಿದೆ ಎಂದು ಹೇಳಿದರು, ಹೆಚ್ಚು ಮಂದಿ ಮೊದಲಿನ ಚಟುವಟಿಕೆಗೆ ಮರಳಿದರು. ಆದರೆ ಸಾವು ಮತ್ತು ಮತ್ತೊಂದು ಹೃದಯಾಘಾತದಂಥ ಅಪಾಯಗಳು ಅದರಿಂದ ಕಡಿಮೆಯಾದವು ಎಂದು ಸಾಬೀತಾಗಲಿಲ್ಲ. ಆದ್ದರಿಂದ ನನ್ನ ಹೃದ್ರೋಗಿಗಳಿಗೆ ನಾನು ಹೇಳುವುದು, ‘ಯೋಗ ಮಾಡಿ, ಮಾತ್ರೆ ಬಿಡಬೇಡಿ’.

ನಮ್ಮ ಮನೆಯ ದೋಸೆಯೂ ತೂತು

ಆಧುನಿಕ ವೈದ್ಯರೂ ಇದೇ ಕಟ್ಟಳೆಗೆ ತಲೆಬಾಗಬೇಕು. 2020ರ ಕೋವಿಡ್ ದಿನಗಳನ್ನು ನೆನಪಿಸಿಕೊಳ್ಳಿ. ಪ್ಲಾಸ್ಮಾ ಕೊಡುವವರಿಗಾಗಿ ಬಂಧುಗಳು ಹಗಲು ರಾತ್ರಿ ಅಲೆದರು. ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ನಡೆಸಿದಾಗ ಪ್ಲಾಸ್ಮಾದಿಂದ ಸಾವಾಗಲಿ, ರೋಗ ಉಲ್ಬಣಿಸುವುದಾಗಲಿ ಕಡಿಮೆಯಾಗಲಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ಚಿಕಿತ್ಸಾ ಪಟ್ಟಿಯಿಂದ ತೆಗೆದುಹಾಕಿದರು. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಹಣವನ್ನೂ ಕಾಲವನ್ನೂ ಕಳೆದುಕೊಂಡಿದ್ದವು. ಆಧುನಿಕ ವೈದ್ಯದ ಹೆಚ್ಚುಗಾರಿಕೆ ಅದು ತಪ್ಪೇ ಮಾಡುವುದಿಲ್ಲ ಎಂಬುದರಲ್ಲಿಲ್ಲ, ತಪ್ಪನ್ನು ಕಂಡುಹಿಡಿದು ಬಿಡುವ ಒಂದು ದಾರಿ ಅದಕ್ಕಿದೆ ಎಂಬುದರಲ್ಲಿದೆ. ಆ ದಾರಿ ಎಲ್ಲ ಪದ್ಧತಿಗಳಿಗೂ ತೆರೆದಿದೆ.

‘ಆಯುರ್ವೇದದಲ್ಲಿ ಒಬ್ಬೊಬ್ಬರ ಪ್ರಕೃತಿಗೆ ಒಂದೊಂದು ಮದ್ದು. ನಿಮ್ಮ ಪರೀಕ್ಷೆ ಅದಕ್ಕೆ ಒಗ್ಗುವುದಿಲ್ಲ’ ಎಂದು ಸ್ನೇಹಿತರಾದ ವೈದ್ಯರೊಬ್ಬರು ವಾದಿಸುತ್ತಾರೆ. ಈ ತೊಡಕನ್ನೂ ಬಿಡಿಸಿದ್ದಾರೆ. ಕೊಯಮತ್ತೂರಿನಲ್ಲಿ ಕೀಲುವಾತದ 43 ರೋಗಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಯುರ್ವೇದ ವೈದ್ಯರು ಪ್ರತಿ ರೋಗಿಗೂ ತಮಗೆ ಸರಿಕಂಡ ಔಷಧವನ್ನೇ ಕೊಟ್ಟರು. ಮೆಥೊಟ್ರೆಕ್ಸೇಟ್ ಮಾತ್ರೆಯ ಗುಂಪಿನೊಡನೆ ಹೋಲಿಸಿದಾಗ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ರೋಗಿಗಳ ಸಂಖ್ಯೆ ಬಹಳ ಚಿಕ್ಕದು, ಅಷ್ಟರಿಂದಲೇ ತೀರ್ಪು ಕೊಡಲಾಗದು. ಆದರೆ ಮನಸ್ಸಿದ್ದರೆ ಪರೀಕ್ಷೆ ಸಾಧ್ಯ ಎಂಬುದಂತೂ ಗೊತ್ತಾಯಿತು.

ಸರ್ಕಾರಿ ಆಸ್ಪತ್ರೆಯ ಹೊಣೆ

ನೀವು ನಿಮ್ಮ ದುಡ್ಡಿನಲ್ಲಿ ಕಷಾಯ ಕುಡಿದರೆ ಅದು ನಿಮ್ಮ ಇಷ್ಟ. ಸರ್ಕಾರಿ ಆಸ್ಪತ್ರೆಯ ಮಾತು ಬೇರೆ. ಅಲ್ಲಿಗೆ ಬರುವ ಕೂಲಿಯವನಿಗೆ ಎರಡನೆಯ ಡಾಕ್ಟರನ್ನು ಕೇಳುವ ಶಕ್ತಿಯಿಲ್ಲ. ‘ಸರ್ಕಾರವೇ ಕೊಟ್ಟದ್ದು, ಕೆಲಸ ಮಾಡುತ್ತದೆ’ ಎಂದು ನಂಬಿ ನುಂಗುತ್ತಾನೆ. ಆ ನಂಬಿಕೆಗೆ ತಕ್ಕ ಆಧಾರ ನಮ್ಮಲ್ಲಿರಬೇಕು. ಶಾಸ್ತ್ರಗ್ರಂಥಗಳಲ್ಲಿ ಹೇಳಿದಂತೆಯೇ ತಯಾರಿಸಿದ ಔಷಧಕ್ಕೆ ಪರವಾನಗಿ ಕೊಡುವಾಗ ರೋಗಿಗಳ ಮೇಲೆ ಹೊಸದಾಗಿ ಪರೀಕ್ಷೆ ನಡೆಸಬೇಕೆಂದು ನಮ್ಮ ನಿಯಮಗಳು ಒತ್ತಾಯಿಸುವುದಿಲ್ಲ. ಅಂಗಡಿಗೆ ಇದು ಸಾಕಾಗಬಹುದು, ಸರ್ಕಾರಿ ಆಸ್ಪತ್ರೆಗೆ ಸಾಲದು ಎಂಬುದು ನನ್ನ ಅಭಿಪ್ರಾಯ.

‘ಗುಣವಾಗದಿದ್ದರೂ ಸೊಪ್ಪಿನಿಂದ ತೊಂದರೆಯೇನು?’ ಎನ್ನಬೇಡಿ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಇಲ್ಲವೆ ಆರ್ಸೆನಿಕ್ ಸಿಕ್ಕಿತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಗೆ ಲಿವರ್ ಹಾನಿಯಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಇಂಥ ಜಗಳ ತೀರುವುದು ಹೇಳಿಕೆಗಳಿಂದಲ್ಲ, ಪ್ರಯೋಗಾಲಯದಲ್ಲಿ ಮತ್ತು ರೋಗಿಗಳ ದಾಖಲೆಯಲ್ಲಿ.

ಆದ್ದರಿಂದ ಯಾವ ಪದ್ಧತಿಯದೇ ಆಗಲಿ, ಔಷಧವೊಂದು ಸರ್ಕಾರಿ ಕಪಾಟು ಸೇರುವ ಮುನ್ನ ಮೂರು ವಿಷಯ ಖಚಿತವಾಗಬೇಕು. ಹೋಲಿಕೆಯ ಪರೀಕ್ಷೆಯಲ್ಲಿ ಅದು ಗೆದ್ದಿದೆಯೆ? ಪ್ರತಿ ತಯಾರಿಕೆಯಲ್ಲೂ ಲೋಹ, ಕಲಬೆರಕೆಗಳ ತಪಾಸಣೆ ಆಗಿದೆಯೆ? ಈಗಾಗಲೇ ಸಾಬೀತಾದ ಚಿಕಿತ್ಸೆಯನ್ನು ಅದು ತಡಮಾಡುವುದಿಲ್ಲ ತಾನೆ? ಸೋತ ಪರೀಕ್ಷೆಗಳ ಫಲಿತಾಂಶವನ್ನೂ ಬಚ್ಚಿಡದೆ ಪ್ರಕಟಿಸಬೇಕು. ಐಸಿಎಂಆರ್‌ನ ಪಾರಂಪರಿಕ ವೈದ್ಯ ಸಂಸ್ಥೆ ನಮ್ಮ ಬೆಳಗಾವಿಯಲ್ಲೇ ಇದೆ. ರಕ್ತಹೀನತೆಗೆ ಆಯುರ್ವೇದ ಔಷಧವನ್ನು ಹಲವು ಕೇಂದ್ರಗಳಲ್ಲಿ ಪರೀಕ್ಷಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ಪ್ರಕಟಿಸಿದೆ. ಹಣ ಸುರಿಯಬೇಕಾದದ್ದು ಇಂಥ ಕೆಲಸಕ್ಕೆ.

ಇನ್ನು ಕಾಮಾಲೆಯ ನಿಜವಾದ ಮದ್ದು ಇರುವುದು ನಲ್ಲಿಯಲ್ಲಿ. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂದು ಗೊತ್ತಾದದ್ದು ದಶಕಗಳ ನಂತರ. ಅಂದಿನಂತೆ ಇಂದೂ ಒಡೆದ ಕೊಳವೆಯನ್ನು ದುರಸ್ತಿ ಮಾಡಿಸುವ ನಗರಸಭೆ ಯಾವ ವೈದ್ಯನಿಗಿಂತಲೂ ಹೆಚ್ಚು ಲಿವರ್‌ಗಳನ್ನು ಕಾಪಾಡುತ್ತದೆ.

ನೀವು ಮಾಡಬೇಕಾದದ್ದು

ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಯಾವ ಕಾಮಾಲೆ ಎಂದು ತಿಳಿಯಿರಿ. ರೋಗಿ ಗರ್ಭಿಣಿಯಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಪರು, ತೊದಲು ಅಥವಾ ಅಸಂಬದ್ಧ ಮಾತು, ಎಡೆಬಿಡದ ವಾಂತಿ, ಎಲ್ಲಿಂದಾದರೂ ರಕ್ತಸ್ರಾವ, ಹೊಟ್ಟೆ ಊತ, ಚಳಿಜ್ವರ, ಮೈತುಂಬ ತುರಿಕೆಯೊಡನೆ ಬಿಳಿಚಿದ ಮಲ ಕಂಡರೆ ಒಂದು ರಾತ್ರಿಯೂ ಕಾಯಬೇಡಿ. ಊಟ ಬಿಡಿಸಬೇಡಿ. ಹಸಿವಿದ್ದಷ್ಟು ಅನ್ನ, ಬೇಳೆ, ಮಜ್ಜಿಗೆ ಎಲ್ಲವನ್ನೂ ಕೊಡಿ, ಮದ್ಯ ಮಾತ್ರ ಬೇಡ. ಯಾವುದೇ ಸೊಪ್ಪು, ಪುಡಿ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಬೈಯುತ್ತಾರೆಂದು ಹೆದರಬೇಡಿ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಹೆಪಟೈಟಿಸ್ ಬಿ ಮತ್ತು ಸಿ ಇದ್ದವರಿಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಔಷಧ ಎರಡೂ ಉಚಿತ. ಸಾಬೀತಾದ ಈ ಚಿಕಿತ್ಸೆಯನ್ನು ಬಿಟ್ಟು ಬೇರೆಡೆ ಅಲೆಯಬೇಡಿ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ತನ್ನ ಪದ್ಧತಿಯೇ ಸರಿ ಎಂದು ನಂಬಿದ ವೈದ್ಯನ ಕಣ್ಣೂ ಹಾಗೆಯೇ, ಅವನ ಕೈಯಲ್ಲಿ ಸ್ಟೆತಾಸ್ಕೋಪ್ ಇರಲಿ, ಅರೆಯುವ ಕಲ್ಲಿರಲಿ. ಆದ್ದರಿಂದ ಮುಂದಿನ ಸಲ ಯಾರಾದರೂ ಮದ್ದು ಕೊಟ್ಟಾಗ ವಿನಯದಿಂದಲೇ ಕೇಳಿ: ‘ಇದನ್ನು ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ಅದನ್ನು ಯಾರು, ಹೇಗೆ ನೋಡಿದ್ದಾರೆ?’ ನನ್ನನ್ನೂ ಕೇಳಿ. ಮೇಷ್ಟ್ರು ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಅವರಿಗೆ ಈ ಸಲ ಹತ್ತು ನಿಮಿಷ ಕೊಡುತ್ತೇನೆ.